ನಾಲ್ಕನೆಯ ಸ್ಥಾನ ಮತ್ತು ನನ್ನ ಕೆನಡಾ

ಕಳೆದ ವರ್ಷ ನಮ್ಮ ತಾಲ್ಲೂಕು ಮಟ್ಟದ ಕ್ರೀಡಾಕೂಟ ಮುಗಿದ ಸಂಜೆಯ ಮಾತಿದು. ಎಂಟುನೂರು ಮೀಟರ್ ಓಟದಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಾಲ್ಕನೆಯವಳಾಗಿ ಬಂದಿದ್ದಳು. ಮೂರನೆಯವಳಿಗೂ ಇವಳಿಗೂ ನಡುವೆ ಇದ್ದದ್ದು ಒಂದು ಮಾರು ದೂರ, ಅಷ್ಟೆ. ಅವಳನ್ನು ಕರೆದೊಯ್ಯಲು ಬಂದಿದ್ದ ತಂದೆ ನನ್ನ ಹತ್ತಿರ ನಿಂತು ಹೇಳಿದರು: "ನಾಲ್ಕನೇದಕ್ಕೆ ಒಂದು ಸರ್ಟಿಫಿಕೇಟೂ ಕೊಡಲ್ಲ ಮೇಷ್ಟ್ರೇ. ಇನ್ನು ಓಟಗೀಟ ಸಾಕು. ಬರೋ ವರ್ಷ ಎಸ್‌ಎಸ್‌ಎಲ್‌ಸಿ, ಪುಸ್ತಕ ಹಿಡೀಲಿ."

ಹುಡುಗಿ ತಲೆ ತಗ್ಗಿಸಿ ಬೂಟಿನ ದಾರ ಬಿಚ್ಚುತ್ತಿದ್ದಳು. ಏನಾದರೂ ಹೇಳಬೇಕಿತ್ತು. ಮೂವತ್ತು ವರ್ಷ ಪಾಠ ಹೇಳಿದ ಬಾಯಿಗೆ ಆ ಹೊತ್ತಿನಲ್ಲಿ ಮಾತು ಸಿಗಲಿಲ್ಲ. ಅಂದು ಹೇಳಲಾಗದೇ ಹೋದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಅದಕ್ಕಾಗಿ ಓದುಗರನ್ನು ಬಹಳ ದೂರದ ಒಂದು ದೇಶಕ್ಕೆ, ಕೆನಡಾಕ್ಕೆ, ಕರೆದೊಯ್ಯಬೇಕಾಗಿದೆ. ಏಕೆಂದರೆ ಕ್ರೀಡೆಯ ವಿಷಯದಲ್ಲಿ ನಾನು ಕೆನಡಾದ ಕಟ್ಟಾ ಅಭಿಮಾನಿ!

ಕಿತ್ತು ಹಾಕಿದ ಚಿತ್ರ

ಈ ಅಭಿಮಾನ ಶುರುವಾದದ್ದು ಒಂದು ಮೋಸದಿಂದ. 1988ರ ಸೆಪ್ಟೆಂಬರ್ 24ರಂದು ಸೋಲ್ ಒಲಿಂಪಿಕ್ಸ್‌ನ ನೂರು ಮೀಟರ್ ಓಟ. ನಾನಾಗ ಬಿಎಸ್ಸಿ ವಿದ್ಯಾರ್ಥಿ. ಕೆನಡಾದ ಬೆನ್ ಜಾನ್ಸನ್ 9.79 ಸೆಕೆಂಡುಗಳಲ್ಲಿ ಗುರಿ ಮುಟ್ಟಿ, ಬಲಗೈ ಮೇಲೆತ್ತಿ, ಅಮೆರಿಕದ ಕಾರ್ಲ್ ಲೂಯಿಸ್‌ರನ್ನು ಹಿಂದೆ ಹಾಕಿದಾಗ ಹಾಸ್ಟೆಲಿನ ಟಿ.ವಿ. ಮುಂದೆ ಕುಳಿತಿದ್ದ ನಾವೆಲ್ಲ ಎದ್ದು ಕುಣಿದಿದ್ದೆವು. ಪತ್ರಿಕೆಯಲ್ಲಿ ಬಂದ ಅವರ ಚಿತ್ರ ಅಂದೇ ನನ್ನ ಕೋಣೆಯ ಗೋಡೆ ಏರಿತು. ಮೂರೇ ದಿನ! ಅವರ ಮೂತ್ರದಲ್ಲಿ ಸ್ಟ್ಯಾನೊಜೊಲಾಲ್ ಎಂಬ ನಿಷೇಧಿತ ಉದ್ದೀಪನ ಮದ್ದು ಪತ್ತೆಯಾಗಿ ಪದಕ ಕಸಿದುಕೊಂಡ ಸುದ್ದಿ ಬಂತು. ಚಿತ್ರವನ್ನು ಕಿತ್ತು ಹಾಕಿದೆ.

ಆ ಓಟದಲ್ಲಿ ನಾಲ್ಕನೆಯವರಾಗಿ ಗುರಿ ಮುಟ್ಟಿದವರು ಅಮೆರಿಕದ ಕ್ಯಾಲ್ವಿನ್ ಸ್ಮಿತ್. ಜಾನ್ಸನ್ ಅನರ್ಹರಾದ ಕಾರಣ ಅವರಿಗೆ ಕಂಚಿನ ಪದಕ ದೊರೆಯಿತು. ಇದನ್ನು ಆಗ ನಾನು ಗಮನಿಸಿರಲಿಲ್ಲ. ನಾವು ಮೊದಲನೆಯವನನ್ನು ಮಾತ್ರ ನೋಡುತ್ತೇವೆ. ನಾಲ್ಕನೆಯವನನ್ನು ನೋಡುವ ಅಭ್ಯಾಸ ನಮಗಿಲ್ಲ.

ಒಂದು ಕಾಲಿನ ಓಟ

ಕೆನಡಾದ ಮೇಲಿನ ಸಿಟ್ಟು ಇಳಿದದ್ದು ಬಿಎಡ್ ಓದುವಾಗ, ಗ್ರಂಥಾಲಯದಲ್ಲಿ ಟೆರ್ರಿ ಫಾಕ್ಸ್ ಎಂಬ ಯುವಕನ ಬಗ್ಗೆ ಓದಿದ ಮೇಲೆ. 1958ರಲ್ಲಿ ಹುಟ್ಟಿದ ಈತನಿಗೆ ಕಾಲೇಜಿನಲ್ಲಿದ್ದಾಗ ಮೂಳೆಯ ಕ್ಯಾನ್ಸರ್ ತಗುಲಿತು. 1977ರಲ್ಲಿ ಬಲಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಬೇಕಾಯಿತು. ಆಸ್ಪತ್ರೆಯಲ್ಲಿ ನರಳುವ ಇತರ ರೋಗಿಗಳನ್ನು, ಅದರಲ್ಲೂ ಮಕ್ಕಳನ್ನು ಕಂಡ ಆತ ಒಂದು ನಿರ್ಧಾರಕ್ಕೆ ಬಂದ. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ದೇಶದ ಪೂರ್ವ ತೀರದಿಂದ ಪಶ್ಚಿಮ ತೀರದವರೆಗೆ ಓಡುವುದು!

1980ರ ಏಪ್ರಿಲ್ 12ರಂದು ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್‌ನಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ಸಾಗರದ ನೀರಿಗೆ ಅದ್ದಿ ಓಟ ಶುರು ಮಾಡಿದ. ದಿನಕ್ಕೆ ಸುಮಾರು 42 ಕಿಲೋಮೀಟರ್, ಎಂದರೆ ದಿನಕ್ಕೊಂದು ಮ್ಯಾರಥಾನ್. ಒಳ್ಳೆಯ ಕಾಲಿನ ಮೇಲೆ ಎರಡು ಸಲ ಕುಪ್ಪಳಿಸಿ, ಕೃತಕ ಕಾಲನ್ನು ಮುಂದಕ್ಕೆ ಬೀಸಿ ಊರುವ ಓಟವದು. 143 ದಿನಗಳಲ್ಲಿ 5,373 ಕಿಲೋಮೀಟರ್ ಸಾಗಿ ಥಂಡರ್ ಬೇ ಪಟ್ಟಣದ ಹತ್ತಿರ ಬಂದಾಗ, ಸೆಪ್ಟೆಂಬರ್ 1ರಂದು, ಎದೆನೋವಿನಿಂದ ನಿಲ್ಲಿಸಬೇಕಾಯಿತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. 1981ರ ಜೂನ್ 28ರಂದು, 22ನೆಯ ವಯಸ್ಸಿನಲ್ಲಿ ಆತ ತೀರಿಕೊಂಡ.

ಪ್ರತಿಯೊಬ್ಬ ಕೆನಡಾ ಪ್ರಜೆಯಿಂದ ಒಂದೊಂದು ಡಾಲರ್ ಸಂಗ್ರಹವಾಗಬೇಕೆಂಬುದು ಆತನ ಆಸೆಯಾಗಿತ್ತು. ಸಾಯುವ ಮುನ್ನವೇ 2 ಕೋಟಿ 40 ಲಕ್ಷ ಡಾಲರ್ ದಾಟಿತ್ತು. ಆಗ ದೇಶದ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಆತನ ಹೆಸರಿನ ಓಟ 1981ರಿಂದ ಪ್ರತಿ ವರ್ಷ ನಡೆಯುತ್ತಿದೆ.

ವಿದ್ಯಾರ್ಥಿಗಳೇ, ಯೋಚಿಸಿ. ಒಬ್ಬ ಮೊದಲು ಗುರಿ ಮುಟ್ಟಿದ, ಅವನ ಪದಕ ಉಳಿಯಲಿಲ್ಲ. ಇನ್ನೊಬ್ಬ ಗುರಿಯನ್ನೇ ಮುಟ್ಟಲಿಲ್ಲ, ಅವನ ಓಟ ಇನ್ನೂ ನಿಂತಿಲ್ಲ. ಇಬ್ಬರೂ ಕೆನಡಾದವರೇ!

ಹಿಮದ ಮೇಲಿನ ಹುಚ್ಚು

ನಮಗೆ ಕ್ರಿಕೆಟ್ ಹೇಗೋ ಕೆನಡಾದವರಿಗೆ ಐಸ್ ಹಾಕಿ ಹಾಗೆ. ಪಾತ್ರೆಯ ನೀರೇ ಕಲ್ಲಾಗುವ ಚಳಿಯಲ್ಲಿ ಹಿತ್ತಲಿಗೆ ನೀರು ಬಿಟ್ಟರೆ ಸಾಕು, ಬೆಳಗಾಗುವುದರೊಳಗೆ ಆಟದ ಅಂಗಳ ಸಿದ್ಧ. ವೇಯ್ನ್ ಗ್ರೆಟ್ಸ್ಕಿಯ ತಂದೆ ಬ್ರ್ಯಾಂಟ್‌ಫರ್ಡ್ ಊರಿನ ಮನೆಯ ಹಿತ್ತಲಲ್ಲಿ ಹೀಗೆಯೇ ಅಂಗಳ ಮಾಡಿ ಮಗನನ್ನು ಆಡಲು ಬಿಟ್ಟರು. ಆ ಹುಡುಗ ಬೆಳೆದು ರಾಷ್ಟ್ರೀಯ ಹಾಕಿ ಲೀಗ್‌ನಲ್ಲಿ 894 ಗೋಲು ಹೊಡೆದ. ಈ ದಾಖಲೆಯನ್ನು 2025ರಲ್ಲಿ ರಷ್ಯದ ಒವೆಚ್ಕಿನ್ ಮುರಿದರು. ಆದರೆ ಬೇರೆಯವರ ಗೋಲಿಗೆ ಚೆಂಡು ಒದಗಿಸಿಕೊಟ್ಟ, ಅಲ್ಲ, ಹಾಕಿಯ ಚಪ್ಪಟೆ ಬಿಲ್ಲೆ ಒದಗಿಸಿಕೊಟ್ಟ ಲೆಕ್ಕ ನೋಡಿದರೆ ಗ್ರೆಟ್ಸ್ಕಿಯದು 1,963. ಇದು ಇನ್ನೊಂದು ದಾಖಲೆ. ಗೋಲು ಹೊಡೆದದ್ದಕ್ಕಿಂತ ಹೊಡೆಸಿದ್ದೇ ಎರಡು ಪಟ್ಟಿಗೂ ಹೆಚ್ಚು!

ಅಭಿಮಾನಿಗಳ ಸಂಕಟಕ್ಕೂ ಇಲ್ಲಿ ಕೊರತೆಯಿಲ್ಲ. 1972ರಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧ ಎಂಟು ಪಂದ್ಯಗಳ ಸರಣಿ. ಸುಲಭವಾಗಿ ಗೆಲ್ಲುತ್ತೇವೆಂದುಕೊಂಡಿದ್ದ ಕೆನಡಾ ಮಾಂಟ್ರಿಯಲ್‌ನ ಮೊದಲ ಪಂದ್ಯದಲ್ಲೇ 7-3ರಿಂದ ಸೋತಿತು. ಕೊನೆಗೆ ಮಾಸ್ಕೋದಲ್ಲಿ, ಎಂಟನೆಯ ಪಂದ್ಯ ಮುಗಿಯಲು 34 ಸೆಕೆಂಡು ಇದ್ದಾಗ ಪಾಲ್ ಹೆಂಡರ್ಸನ್ ಹೊಡೆದ ಗೋಲಿನಿಂದ ಸರಣಿ ಕೈಗೆ ಬಂತು. ಇನ್ನು ಲೀಗ್‌ನ ಸ್ಟಾನ್ಲಿ ಕಪ್ ಕಥೆ ಕೇಳಿ. 1993ರಲ್ಲಿ ಮಾಂಟ್ರಿಯಲ್ ತಂಡ ಗೆದ್ದ ಮೇಲೆ 2025ರವರೆಗೆ ಕೆನಡಾದ ತಂಡಗಳು ಎಂಟು ಸಲ ಅಂತಿಮ ಹಂತ ತಲುಪಿ ಎಂಟು ಸಲವೂ ಸೋತಿವೆ.

ಸೋಲನ್ನು ಎಲ್ಲರೂ ಚೆನ್ನಾಗಿ ನುಂಗಿಕೊಂಡರೆಂದು ಹೇಳಲಾರೆ. 2011ರ ಜೂನ್‌ನಲ್ಲಿ ವ್ಯಾಂಕೂವರ್ ತಂಡ ಸೋತ ರಾತ್ರಿ ಅಲ್ಲಿನ ಅಭಿಮಾನಿಗಳು ಕಾರುಗಳಿಗೆ ಬೆಂಕಿ ಹಚ್ಚಿ, ಅಂಗಡಿಗಳ ಗಾಜು ಒಡೆದರು. ಮರುದಿನ ಬೆಳಿಗ್ಗೆ ಅದೇ ಊರಿನ ಜನ ಪೊರಕೆ ಹಿಡಿದು ಬೀದಿ ಗುಡಿಸಲು ಬಂದರು. ಅಭಿಮಾನಿ ಎನ್ನಿಸಿಕೊಳ್ಳಬೇಕಾದವರು ಯಾರು ಎಂಬುದನ್ನು ಮಕ್ಕಳೇ ಹೇಳಲಿ.

ಆತಿಥೇಯರಿಗೇ ಚಿನ್ನವಿಲ್ಲ!

1976ರಲ್ಲಿ ಮಾಂಟ್ರಿಯಲ್‌ನಲ್ಲಿ ಬೇಸಿಗೆ ಒಲಿಂಪಿಕ್ಸ್ ನಡೆಸಿದ ಕೆನಡಾ ಐದು ಬೆಳ್ಳಿ, ಆರು ಕಂಚು ಗೆದ್ದಿತು. ಚಿನ್ನ ಒಂದೂ ಇಲ್ಲ. ಬೇಸಿಗೆ ಕೂಟದ ಇತಿಹಾಸದಲ್ಲಿ ಇಂಥ ಆತಿಥೇಯ ದೇಶ ಇನ್ನೊಂದಿಲ್ಲ. 1988ರಲ್ಲಿ ಕ್ಯಾಲ್ಗರಿಯಲ್ಲಿ ಚಳಿಗಾಲದ ಕೂಟ ನಡೆಸಿದಾಗಲೂ ಅದೇ ಹಣೆಬರಹ. 2010ರಲ್ಲಿ ವ್ಯಾಂಕೂವರ್‌ನ ಚಳಿಗಾಲದ ಕೂಟದಲ್ಲಿ ಅಲೆಕ್ಸಾಂಡರ್ ಬಿಲೊಡೊ ಹಿಮಜಾರಾಟದಲ್ಲಿ ಮೊದಲ ಚಿನ್ನ ಗೆದ್ದಾಗ ದೇಶವೇ ನಿಟ್ಟುಸಿರು ಬಿಟ್ಟಿತು. ಆತನ ಅಣ್ಣ ಹುಟ್ಟಿನಿಂದ ಮೆದುಳಿನ ಪಾರ್ಶ್ವವಾಯುವಿನಿಂದ ಬಳಲುವವರು. ಅವರೇ ತನಗೆ ಸ್ಫೂರ್ತಿ ಎಂದು ಬಿಲೊಡೊ ಹೇಳಿಕೊಂಡಿದ್ದಾರೆ. ಆ ಕೂಟ ಮುಗಿಯುವಾಗ ಕೆನಡಾದ ಚಿನ್ನಗಳ ಸಂಖ್ಯೆ 14! ಕೊನೆಯದು ಹಾಕಿಯದು. ಅಮೆರಿಕದ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಸಿಡ್ನಿ ಕ್ರಾಸ್ಬಿ ಹೊಡೆದ ಗೋಲು.

ಬೇರೆ ಆಟಗಳಲ್ಲೂ ಕೆನಡಾದ ಛಾಪಿದೆ. ನಮ್ಮ ಶಾಲೆಗಳಲ್ಲಿ ಆಡುವ ಬಾಸ್ಕೆಟ್‌ಬಾಲನ್ನು 1891ರಲ್ಲಿ ಹಣ್ಣಿನ ಬುಟ್ಟಿಗಳನ್ನು ಕಟ್ಟಿ ಆರಂಭಿಸಿದ ಜೇಮ್ಸ್ ನೈಸ್ಮಿತ್ ಕೆನಡಾದಲ್ಲಿ ಹುಟ್ಟಿದ ಮೇಷ್ಟ್ರು. ಆಟ ಶುರುವಾದದ್ದು ಮಾತ್ರ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. 2019ರಲ್ಲಿ ಟೊರಾಂಟೊ ರ‍್ಯಾಪ್ಟರ್ಸ್ ಅಮೆರಿಕದ ಲೀಗ್ ಗೆದ್ದ ಮೊದಲ ಹೊರದೇಶದ ತಂಡವಾಯಿತು. ಕ್ರಿಕೆಟ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯ 1844ರಲ್ಲಿ ನ್ಯೂಯಾರ್ಕಿನಲ್ಲಿ ನಡೆದದ್ದು ಅಮೆರಿಕ ಮತ್ತು ಕೆನಡಾ ನಡುವೆ, ಗೆದ್ದದ್ದು ಕೆನಡಾ. ನಮ್ಮ ಕುಂಬ್ಳೆ, ದ್ರಾವಿಡ್ 1996ರಲ್ಲಿ ಟೊರಾಂಟೊದಲ್ಲಿ ಪಾಕಿಸ್ತಾನದ ವಿರುದ್ಧ ಆಡಿದ್ದು ಹಳಬರಿಗೆ ನೆನಪಿರಬಹುದು.

ಮಹಿಳಾ ಫುಟ್‌ಬಾಲ್ ಅಂತೂ ಒಂದು ತಪಸ್ಸಿನ ಕಥೆ. 2012ರ ಲಂಡನ್ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ನಾಯಕಿ ಕ್ರಿಸ್ಟೀನ್ ಸಿಂಕ್ಲೇರ್ ಮೂರು ಗೋಲು ಹೊಡೆದರೂ ಕೆನಡಾ 4-3ರಿಂದ ಅಮೆರಿಕಕ್ಕೆ ಸೋತಿತು. ಅಂದು ಕಂಚು, 2016ರಲ್ಲಿ ಮತ್ತೆ ಕಂಚು. 2021ರಲ್ಲಿ ನಡೆದ ಟೋಕಿಯೊ ಕೂಟದ ಸೆಮಿಫೈನಲ್‌ನಲ್ಲಿ ಅದೇ ಅಮೆರಿಕವನ್ನು ಸೋಲಿಸಿ, ನಂತರ ಸ್ವೀಡನ್ನನ್ನು ಪೆನಾಲ್ಟಿಯಲ್ಲಿ ಗೆದ್ದು ಚಿನ್ನ ಪಡೆದಾಗ ಸಿಂಕ್ಲೇರ್‌ಗೆ 38 ವರ್ಷ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅವರು ಹೊಡೆದ 190 ಗೋಲುಗಳನ್ನು ಗಂಡಸರಲ್ಲೂ ಯಾರೂ ಮುಟ್ಟಿಲ್ಲದ ಕಾಲದಲ್ಲಿ ಅವರು ನಿವೃತ್ತರಾದರು.

ರಿಲೇ ಓಟದ ಲೆಕ್ಕ

ಈಗ ಆ ತಂದೆಗೆ ಹೇಳಬೇಕಾದ ಮುಖ್ಯ ಸಂಗತಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಡೊನೊವನ್ ಬೈಲಿ ನೂರು ಮೀಟರ್ ಓಟವನ್ನು 9.84 ಸೆಕೆಂಡುಗಳಲ್ಲಿ ಗೆದ್ದು ಜಾನ್ಸನ್ ತಂದ ಕಳಂಕವನ್ನು ತೊಳೆದರು. ಅವರಿದ್ದ 4x100 ಮೀಟರ್ ರಿಲೇ ತಂಡವೂ ಚಿನ್ನ ಗೆದ್ದಿತು. ಸಮಯ 37.69 ಸೆಕೆಂಡು.

2012ರಲ್ಲಿ ಲಂಡನ್‌ನಲ್ಲಿ ಕೆನಡಾದ ರಿಲೇ ತಂಡ ಮೂರನೆಯದಾಗಿ ಗುರಿ ಮುಟ್ಟಿತು. ಓಟಗಾರರು ಬಾವುಟ ಹೊದ್ದು ಸಂಭ್ರಮಿಸುತ್ತಿರುವಾಗಲೇ ಅನರ್ಹಗೊಂಡ ಸುದ್ದಿ ಬಂತು. ತಿರುವಿನಲ್ಲಿ ಒಬ್ಬ ಓಟಗಾರನ ಕಾಲು ಗೆರೆ ತುಳಿದಿತ್ತು. ತಿರುವಿನ ಒಳಗೆರೆ ತುಳಿದರೆ ಓಡಬೇಕಾದ ದೂರ ಕಡಿಮೆಯಾಗುತ್ತದೆ, ಆದ್ದರಿಂದ ನಿಯಮ ಕಟ್ಟುನಿಟ್ಟು. ಅದನ್ನು ಟಿ.ವಿ.ಯಲ್ಲಿ ನೋಡಿದ ನ್ಯೂಫೌಂಡ್‌ಲ್ಯಾಂಡಿನ ಹತ್ತು ವರ್ಷದ ಹುಡುಗನೊಬ್ಬ ತಾನು ಫುಟ್‌ಬಾಲ್ ಆಡಿ ಪಡೆದಿದ್ದ ಪದಕವನ್ನು ಒಂದು ಪತ್ರದೊಡನೆ ಆ ಓಟಗಾರರಿಗೆ ಕಳಿಸಿಕೊಟ್ಟ!

2016ರಲ್ಲಿ ರಿಯೊದಲ್ಲಿ ತಂಡ ಗುರಿ ಮುಟ್ಟಿದ್ದು ನಾಲ್ಕನೆಯದಾಗಿ. ಮುಂದಿದ್ದ ಅಮೆರಿಕ ಬ್ಯಾಟನ್ ಬದಲಾವಣೆಯಲ್ಲಿ ತಪ್ಪು ಮಾಡಿ ಅನರ್ಹವಾದ್ದರಿಂದ ಕೆನಡಾಕ್ಕೆ ಕಂಚು. ಆದರೆ ಗಮನಿಸಬೇಕಾದದ್ದು ಅದಲ್ಲ. ಅಂದಿನ ಸಮಯ 37.64 ಸೆಕೆಂಡು. ಎಂದರೆ 1996ರ ಚಿನ್ನದ ಓಟಕ್ಕಿಂತ 2016ರ ನಾಲ್ಕನೆಯ ಓಟ ವೇಗದ್ದು! ಟೋಕಿಯೊದಲ್ಲಿ ಮೂರನೆಯದಾಗಿ ಬಂದರು. ಬ್ರಿಟನ್ ತಂಡದಲ್ಲಿ ಮದ್ದು ಪತ್ತೆಯಾದ್ದರಿಂದ ಬೆಳ್ಳಿ ಸಿಕ್ಕಿತು. 2024ರಲ್ಲಿ ಪ್ಯಾರಿಸ್‌ನಲ್ಲಿ ಅದೇ ನಾಲ್ವರು, ಏರನ್ ಬ್ರೌನ್, ಜೆರೋಮ್ ಬ್ಲೇಕ್, ಬ್ರೆಂಡನ್ ರಾಡ್ನಿ ಮತ್ತು ಆಂಡ್ರೆ ಡಿ ಗ್ರಾಸ್, 37.50 ಸೆಕೆಂಡುಗಳಲ್ಲಿ ಓಡಿ ಯಾರ ಅನರ್ಹತೆಯ ಹಂಗೂ ಇಲ್ಲದೆ ಚಿನ್ನ ಗೆದ್ದರು.

ಇದನ್ನು ನಾಲ್ಕರಿಂದ ಭಾಗಿಸಿದರೆ ಒಬ್ಬೊಬ್ಬರ ಪಾಲಿಗೆ ಸುಮಾರು 9.38 ಸೆಕೆಂಡು. ಉಸೇನ್ ಬೋಲ್ಟ್‌ರ ವಿಶ್ವದಾಖಲೆ 9.58 ಅಲ್ಲವೇ, ಇದು ಹೇಗೆ ಸಾಧ್ಯ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಉತ್ತರ ಸರಳ. ನಿಂತಲ್ಲಿಂದ ವೇಗ ಪಡೆಯಲು ಸಮಯ ಬೇಕು. ರಿಲೇಯಲ್ಲಿ ಮೊದಲನೆಯವನೊಬ್ಬನೇ ನಿಂತಲ್ಲಿಂದ ಹೊರಡುತ್ತಾನೆ. ಉಳಿದ ಮೂವರು ಓಡುತ್ತಲೇ ಬ್ಯಾಟನ್ ಪಡೆಯುತ್ತಾರೆ. ಆದ್ದರಿಂದ ಒಬ್ಬನೇ ಓಡಿದರೆ ಸಾಧ್ಯವಾಗದ ವೇಗ ನಾಲ್ವರು ಸೇರಿದರೆ ಸಾಧ್ಯ.

ನಾಲ್ಕನೆಯ ಸ್ಥಾನ ಭಾರತೀಯರಿಗೆ ಹೊಸದಲ್ಲ. 1960ರ ರೋಮ್‌ನಲ್ಲಿ ಮಿಲ್ಖಾ ಸಿಂಗ್, 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ನಾಲ್ಕನೆಯವರು. ಅವರ ಮುಂದೆ ಬಂದ ಮೂವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ನನ್ನ ತಪ್ಪು

ಸ್ಥಾನ ಎಂಬುದು ಪಕ್ಕದಲ್ಲಿ ಓಡುವವರನ್ನು ಅವಲಂಬಿಸಿದೆ. ಸಮಯ ಎಂಬುದು ಓಡುವವರ ಸ್ವಂತ ಗಳಿಕೆ. ಇದನ್ನು ವಿಜ್ಞಾನದ ಮೇಷ್ಟ್ರಾದ ನಾನೇ ಮರೆತಿದ್ದೆ. ಕ್ರೀಡಾಕೂಟದ ದಿನ ಸ್ಟಾಪ್‌ವಾಚ್ ಹಿಡಿದು ನಿಂತಿದ್ದವನು ನಾನೇ. ಹುಡುಗಿಯ ತಂದೆಗೆ ನಾಲ್ಕನೆಯ ಸ್ಥಾನ ಎಂದು ಹೇಳಿದೆ. ಗಡಿಯಾರ ತೋರಿಸಿದ್ದನ್ನು ಹೇಳಲಿಲ್ಲ.

ಮುಂದಿನ ಭಾನುವಾರ ನೋಟ್‌ಬುಕ್ ಹಿಡಿದು ಅವರ ಮನೆಗೆ ಹೋದೆ. ಜುಲೈ ತಿಂಗಳ ಅಭ್ಯಾಸದಲ್ಲಿ 3 ನಿಮಿಷ 4 ಸೆಕೆಂಡು. ಕ್ರೀಡಾಕೂಟದ ದಿನ 2 ನಿಮಿಷ 53 ಸೆಕೆಂಡು. ಹನ್ನೊಂದು ಸೆಕೆಂಡು ಕಡಿಮೆ. ತಂದೆ ಪುಟವನ್ನು ಎರಡು ಸಲ ನೋಡಿದರು. ಮಗಳನ್ನು ಕರೆದು, "ಇಷ್ಟು ಕಡಿಮೆ ಮಾಡಿದ್ದೀಯಾ? ನಂಗ್ಯಾಕೆ ಹೇಳಲಿಲ್ಲ?" ಎಂದರು. ಅವಳು, "ನೀವು ಎಷ್ಟನೇದು ಅಂತ ಮಾತ್ರ ಕೇಳಿದ್ರಿ ಅಪ್ಪಾ" ಎಂದಳು.

ಅವರು ಬಹಳ ಹೊತ್ತು ಮಾತನಾಡಲಿಲ್ಲ. ನಾನು ಹೊರಡುವಾಗ ಬಾಗಿಲವರೆಗೆ ಬಂದು, "ಪರೀಕ್ಷೆ ಮುಗೀಲಿ, ನೋಡೋಣ ಮೇಷ್ಟ್ರೇ" ಎಂದರು. ಸಾಕು ಎಂದಿದ್ದವರು ನೋಡೋಣ ಎಂದಿದ್ದಾರೆ. ನಾನು ಆ ನೋಟ್‌ಬುಕ್ಕನ್ನು ಅವರ ಮನೆಯಲ್ಲೇ ಬಿಟ್ಟು ಬಂದಿದ್ದೇನೆ. ಅದರಲ್ಲಿ ಇನ್ನೂ ಖಾಲಿ ಪುಟಗಳಿವೆ.