ಸ್ಪ್ರೇಯರ್ ಮೋಟರ್‌ಗೆ ಮನೆ ಕರೆಂಟು: 9 ವೋಲ್ಟ್ ಟ್ರಾನ್ಸ್‌ಫಾರ್ಮರ್ ಸಾಕು

ನಮ್ಮ ತ್ಯಾವಣಿಗೆ ಕಡೆ ಬ್ಯಾಟರಿ ಸತ್ತ ಸ್ಪ್ರೇಯರ್ ಮೂಲೆ ಸೇರಿರುತ್ತೆ, ಮೋಟರ್ ಚೆನ್ನಾಗೇ ಇರುತ್ತೆ. ಅಡಿಕೆ ಸಸಿಗೆ ನೀರು ಚಿಮುಕಿಸಲು ಅದನ್ನೇ ನಾನು ಟ್ರಾನ್ಸ್‌ಫಾರ್ಮರ್‌ನಿಂದ ಓಡಿಸ್ತೀನಿ.

12 ವೋಲ್ಟ್ ಮೋಟರ್‌ಗೆ 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ತರಬೇಡಿ. ಬ್ರಿಡ್ಜ್ ರೆಕ್ಟಿಫೈಯರ್ ಎಸಿಯನ್ನು ಡಿಸಿ ಮಾಡಿ ಕೆಪಾಸಿಟರ್ ತುಂಬಿದಾಗ ವೋಲ್ಟೇಜ್ 1.41 ಪಟ್ಟು, ಅಂದ್ರೆ 17ಕ್ಕೆ ಏರುತ್ತೆ. ಡಯೋಡ್‌ಗಳಲ್ಲಿ 1.4 ಕಳೆದರೂ 15ರ ಮೇಲೇ ಉಳಿಯುತ್ತೆ, ಮೋಟರ್ ಕಾಯುತ್ತೆ. 9 ವೋಲ್ಟಿನದಾದರೆ ಸುಮಾರು 11.3 ಸಿಗುತ್ತೆ. ಆಂಪಿಯರ್ ಮಾತ್ರ ಮೋಟರಿನ ಎರಡರಷ್ಟಿರಲಿ.

ಬ್ರಿಡ್ಜ್‌ನ ಎಸಿ ಗುರುತಿನ ಎರಡು ಕಾಲಿಗೆ 9 ವೋಲ್ಟ್ ವೈರು; ಪ್ಲಸ್-ಮೈನಸ್‌ಗೆ 4,700 ಮೈಕ್ರೊಫ್ಯಾರಡ್, 25 ವೋಲ್ಟಿನ ಕೆಪಾಸಿಟರ್, ಆಮೇಲೆ ಮೋಟರ್. ಕೆಪಾಸಿಟರ್ ಉಲ್ಟಾ ಹಾಕಿದರೆ ಸಿಡಿಯುತ್ತೆ.

230 ವೋಲ್ಟಿನ ಫೇಸ್ ವೈರಿಗೆ ಫ್ಯೂಸ್, ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣಕ್ಕೆ ಅರ್ಥಿಂಗ್ ಕಡ್ಡಾಯ. ಡಬ್ಬಿ ಒಣ ಜಾಗದಲ್ಲಿರಲಿ. ನೀರಿನ ಹತ್ತಿರ ಹೋಗೋದು ಡಿಸಿ ವೈರು ಮಾತ್ರ.