ನಾಲ್ಕು ವಾರದ ರಜೆ

ಇಂಜಿನಿಯರಿಂಗ್ ಓದುತ್ತಿರುವ ಮಗ, "ಅಪ್ಪಾ, ಒಂದು ವರ್ಷ ಕಾಲೇಜು ಬಿಟ್ಟು ಆರ್ಗನ್ ಕಲೀತೀನಿ" ಅಂದಾಗ ನಮ್ಮ ಮನೆಯಲ್ಲಿ ವಾರಗಟ್ಟಲೆ ಮಾತೇ ನಿಂತುಹೋಗಿತ್ತು. ಕೊನೆಗೆ ನನ್ನವಳೇ ರಾಜಿ ಮಾಡಿಸಲು ಒಂದು ಭಾನುವಾರ ಇಬ್ಬರನ್ನೂ ಹ್ಯಾಂಬರ್ಗ್‌ನಿಂದ ಲ್ಯೂಬೆಕ್‌ಗೆ ಹೊರಡಿಸಿದಳು.

ಅಲ್ಲಿನ ಮರಿಯನ್‌ಕಿರ್ಖೆ ಕೆಂಪು ಇಟ್ಟಿಗೆಯ ಭಾರೀ ಚರ್ಚು. 1668ರಿಂದ 1707ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿ ಆರ್ಗನ್ ನುಡಿಸಿದವರು ಡೀಟ್ರಿಶ್ ಬುಕ್ಸ್ಟೆಹೂಡೆ. ಡೆನ್ಮಾರ್ಕನ್ನು ತಾಯ್ನಾಡೆಂದು ಭಾವಿಸಿದ್ದ ಈ ಸಂಗೀತಗಾರ ಕೆಲಸಕ್ಕಾಗಿ ಲ್ಯೂಬೆಕ್‌ಗೆ ಬಂದ ಮೇಲೆ 'ಡಿಡೆರಿಕ್' ಹೋಗಿ 'ಡೀಟ್ರಿಶ್' ಆದರು. ಇಲ್ಲಿ ನಮ್ಮ ಹೆಸರುಗಳ ಪಾಡು ಬಲ್ಲವರಿಗೆ ಇದೇನೂ ಹೊಸದಲ್ಲ! ಆರ್ಗನ್ ಜೊತೆಗೆ ಚರ್ಚಿನ ಲೆಕ್ಕಪತ್ರವೂ ಅವರದೇ. ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ ಐದು ಭಾನುವಾರ ಸಂಜೆ ಕಚೇರಿ ನಡೆಸುತ್ತಿದ್ದರು. ಪ್ರವೇಶ ಉಚಿತ, ಖರ್ಚಿಗೆ ಊರ ವರ್ತಕರ ಮುಂದೆ ಕೈಚಾಚಬೇಕು. ನಮ್ಮ ಸಂಘದ ಖಜಾಂಚಿಗಳು ಇದನ್ನೋದಿ ಸಮಾಧಾನಪಟ್ಟುಕೊಳ್ಳಲಿ!

ಈ ಹಿರಿಯರನ್ನು ಕೇಳಲು 1705ರಲ್ಲಿ ಆರ್ನ್‌ಸ್ಟಾಟ್‌ನಿಂದ 400 ಕಿ.ಮೀ.ಗೂ ಹೆಚ್ಚು ದೂರ ನಡೆದು ಬಂದವನು 20 ವರ್ಷದ ಯೊಹಾನ್ ಸೆಬಾಸ್ಟಿಯನ್ ಬಾಖ್. ಕೇಳಿದ್ದ ರಜೆ ನಾಲ್ಕು ವಾರ. ಮರಳಿದ್ದು ಸುಮಾರು ನಾಲ್ಕು ತಿಂಗಳಿಗೆ! ಚರ್ಚಿನ ಅಧಿಕಾರಿಗಳು ಕರೆಸಿ ಕೇಳಿದರು: ರಜೆ ಮೀರಿದ್ದೇಕೆ? ಪ್ರಾರ್ಥನೆಯ ಹಾಡಿಗೆ ವಿಚಿತ್ರ ಸ್ವರ ಬೆರೆಸಿ ಜನರನ್ನು ತಬ್ಬಿಬ್ಬು ಮಾಡುವುದೇಕೆ? ಲ್ಯೂಬೆಕ್‌ನಲ್ಲಿ ಕೇಳಿದ್ದು ಬೆರಳಿನಿಂದ ಅಷ್ಟು ಸುಲಭವಾಗಿ ಇಳಿದೀತೇ?

ಬುಕ್ಸ್ಟೆಹೂಡೆ ನುಡಿಸಿದ ಆ ಚರ್ಚಿನ ಆರ್ಗನ್‌ಗಳು ಇಂದಿಲ್ಲ. ಅವುಗಳಲ್ಲಿ ಚಿಕ್ಕದು 1942ರ ಬಾಂಬ್ ದಾಳಿಯಲ್ಲಿ ನಾಶವಾಯಿತು. ಅಂದು ಗೋಪುರದಿಂದ ಬಿದ್ದು ಒಡೆದ ಗಂಟೆಗಳನ್ನು ಬಿದ್ದ ಜಾಗದಲ್ಲೇ ಉಳಿಸಿದ್ದಾರೆ. ಅವುಗಳ ಮುಂದೆ ನಿಂತಾಗ ಮಗ ತನ್ನ ಇಯರ್‌ಫೋನ್ ನನ್ನ ಕಿವಿಗಿಟ್ಟ. ಬುಕ್ಸ್ಟೆಹೂಡೆಯವರ ಡಿ ಮೈನರ್ ಪಾಸಕಾಲಿಯಾ. ಕಾಲಲ್ಲಿ ನುಡಿಸುವ ಪೆಡಲ್‌ನ ಒಂದು ಪುಟ್ಟ ಸ್ವರಸಾಲು ಮಂದ್ರದಲ್ಲಿ 28 ಬಾರಿ ಮರಳಿ ಬರುತ್ತದೆ. ಅದರ ಮೇಲೆ ಕೈಗಳು ಪ್ರತಿಸಲವೂ ಹೊಸದೇನೋ ಹೇಳುತ್ತವೆ. ಮುಗಿದಾಗ ನಾನೇ, "ಇನ್ನೊಮ್ಮೆ ಹಾಕು" ಅಂದೆ.

"ಎರಡೇ ವರ್ಷ, ಬಂದುಬಿಡ್ತೀನಿ" ಎಂದು ಅಮ್ಮನಿಗೆ ಹೇಳಿ ಜರ್ಮನಿಗೆ ಬಂದವನು ನಾನು. ಈಗ 24 ವರ್ಷ. ರಜೆ ಮೀರಿದ ನಾನು ಯಾವ ಬಾಯಲ್ಲಿ ಬೇಡವೆನ್ನಲಿ?

ವಾಪಸು ಬರುವಾಗ ರೈಲಿನಲ್ಲಿ, "ಒಂದೇ ವರ್ಷ ತಾನೇ?" ಎಂದು ಕೇಳಿದೆ. ಮಗ ನಕ್ಕ. ಉತ್ತರ ಮಾತ್ರ ಕೊಡಲಿಲ್ಲ.