ಊರಿಗೂ ಬೇಕು ಒಂದು ನಕ್ಷೆ: ನಗರ ಯೋಜಕರ ಸಂಸ್ಥೆ ಬೆಳೆದ ಬಗೆ

ಪಿಯುಸಿ ಫಲಿತಾಂಶ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಮೆಡಿಕಲ್ಲೋ, ಇಂಜಿನಿಯರಿಂಗೋ?’ ಈ ಗಡಿಬಿಡಿಯಲ್ಲಿ ನಮ್ಮ ಕಣ್ಣಿಗೆ ಬೀಳದೆ ಉಳಿದ ವೃತ್ತಿಯೊಂದಿದೆ. ಅದು ನಗರ ಯೋಜನೆ. ಮನೆಯ ವಿನ್ಯಾಸ ವಾಸ್ತುಶಿಲ್ಪಿಯದು, ಅದರ ಗಟ್ಟಿತನದ ಲೆಕ್ಕ ಇಂಜಿನಿಯರನದು. ಆದರೆ ಮನೆಗಳು ಎಲ್ಲಿರಬೇಕು, ರಸ್ತೆ ಎಷ್ಟು ಅಗಲವಿರಬೇಕು, ಮಳೆನೀರು ಯಾವ ತೋಡಿಗೆ ಹರಿಯಬೇಕು, ಶಾಲೆಗೂ ಸಂತೆಗೂ ಜಾಗ ಯಾವುದು ಎಂದು ಹತ್ತಿಪ್ಪತ್ತು ವರ್ಷ ಮುಂದಾಗಿ ಯೋಚಿಸುವವರು ನಗರ ಯೋಜಕರು.

ಈ ಕೆಲಸದ ಬೆಲೆ ನಮ್ಮ ಜಿಲ್ಲೆಯವರಿಗೆ ಹೊಸತಲ್ಲ. ನೇತ್ರಾವತಿಯ ದಡದ ಬಂಟ್ವಾಳ ಪೇಟೆಯಲ್ಲಿ 1923 ಮತ್ತು 1974ರ ನೆರೆಗಳನ್ನು ಹಿರಿಯರು ಈಗಲೂ ಮಾತಿಗೆ ತರುತ್ತಾರೆ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ತಪ್ಪಲು ನೀರು, ಮಣ್ಣು, ಮರಳಿನಲ್ಲಿ ನಲುಗಿತು. ನದಿಗೆ ತನ್ನ ಪಾತ್ರ ಗೊತ್ತು. ಅದರ ಅಗಲ ಎಲ್ಲಿಯವರೆಗೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಬೇಕಾದವರು ಮನುಷ್ಯರು. ಹದಿನೆಂಟು ಬಸದಿಗಳ ಮೂಡುಬಿದಿರೆಯಲ್ಲಿ ಇನ್ನೊಂದು ಬಗೆಯ ಪ್ರಶ್ನೆ ಇದೆ: ಹಳೆಯ ಕಟ್ಟಡಗಳಿಗೆ ಧಕ್ಕೆಯಾಗದಂತೆ ಹೊಸ ಪೇಟೆ ಬೆಳೆಯುವುದು ಹೇಗೆ?

ಕಾನೂನು ಮೊದಲು, ತಜ್ಞರು ಆಮೇಲೆ

ನಮ್ಮ ದೇಶದಲ್ಲಿ ಈ ಯೋಚನೆಗೆ ಚಾಲನೆ ಕೊಟ್ಟದ್ದು ಪ್ಲೇಗು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದ ಕಾಲದಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ರೂಪುಗೊಂಡವು. 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಹುಟ್ಟಿತು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ 1920ರ ಮದರಾಸು ನಗರ ಯೋಜನಾ ಕಾಯಿದೆ ಅನ್ವಯಿಸುತ್ತಿತ್ತು.

ಕಾನೂನೇನೋ ಬಂತು, ಅದನ್ನು ನಡೆಸಲು ತರಬೇತಾದ ಜನ ಬೆರಳೆಣಿಕೆಯಷ್ಟೇ. ಇಂಗ್ಲೆಂಡಿನಲ್ಲಿ ನಗರ ಯೋಜಕರ ಸಂಸ್ಥೆ 1914ರಲ್ಲೇ ಆರಂಭವಾಗಿತ್ತು. ನಮ್ಮಲ್ಲಿ ಹೊರದೇಶದ ತಜ್ಞರನ್ನು ನೆಚ್ಚಬೇಕಾದ ಸ್ಥಿತಿ. 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಜರ್ಮನ್ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ ಅವರೇ 1948ರಲ್ಲಿ ಭುವನೇಶ್ವರದ ನಕ್ಷೆ ಬರೆದರು.

ದೇಶ ವಿಭಜನೆಯಾದಾಗ ಲಕ್ಷಾಂತರ ನಿರಾಶ್ರಿತರಿಗೆ ಹೊಸ ಊರುಗಳೇ ಬೇಕಾದವು. ಯೋಜಕರ ಅಗತ್ಯ ಆಗ ಎದ್ದು ಕಂಡಿತು. ಕೆಲವರು ಸೇರಿ ಭಾರತೀಯ ನಗರ ಯೋಜಕರ ಮಂಡಳಿ ರಚಿಸಿಕೊಂಡರು. ಎರಡು ವರ್ಷಗಳ ಅದರ ಪ್ರಯತ್ನದ ಫಲವಾಗಿ 1951ರ ಜುಲೈಯಲ್ಲಿ ‘ಇನ್‌ಸ್ಟಿಟ್ಯೂಟ್ ಆಫ್ ಟೌನ್ ಪ್ಲಾನರ್ಸ್, ಇಂಡಿಯಾ’ ಸ್ಥಾಪನೆಯಾಯಿತು. ದೆಹಲಿಯಲ್ಲಿ ಕೇಂದ್ರ ಕಚೇರಿ, ಬೆಂಗಳೂರೂ ಸೇರಿದಂತೆ ರಾಜ್ಯಗಳಲ್ಲಿ ಶಾಖೆಗಳು, ವೃತ್ತಿಪತ್ರಿಕೆ, ವಿದ್ಯಾರ್ಥಿ ಸದಸ್ಯತ್ವ, ತನ್ನದೇ ಅಸೋಸಿಯೇಟ್ ಪರೀಕ್ಷೆ ಎಂದು ಅದು ಬೆಳೆಯಿತು. 1955ರಲ್ಲಿ ಕೇಂದ್ರ ಸರಕಾರ ದೆಹಲಿಯಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಶಾಲೆ ತೆರೆಯಿತು. 1959ರಿಂದ ಅದೇ ಸ್ಕೂಲ್ ಆಫ್ ಪ್ಲಾನಿಂಗ್ ಆ್ಯಂಡ್ ಆರ್ಕಿಟೆಕ್ಚರ್.

ಇನ್ನೂ ತುಂಬದ ಕೊರತೆ

ಇಷ್ಟೆಲ್ಲ ಆದರೂ ಒಂದು ಕೊರತೆ ಉಳಿದಿದೆ. ವಾಸ್ತುಶಿಲ್ಪಿಗಳಿಗೆ 1972ರ ಕಾಯಿದೆಯ ಬಲವಿದೆ. ಪರಿಷತ್ತಿನಲ್ಲಿ ನೋಂದಾಯಿಸದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ. ನಗರ ಯೋಜಕರ ಸಂಸ್ಥೆಯಾದರೋ ಸದಸ್ಯರು ಕೂಡಿ ಕಟ್ಟಿಕೊಂಡದ್ದು, ಸಂಸತ್ತಿನ ಕಾಯಿದೆಯಿಂದ ಹುಟ್ಟಿದ್ದಲ್ಲ. ಶಾಸನಬದ್ಧ ರಾಷ್ಟ್ರೀಯ ಪರಿಷತ್ತು ಬೇಕೆಂದು ನೀತಿ ಆಯೋಗದ 2021ರ ವರದಿ ಶಿಫಾರಸು ಮಾಡಿತು. ಆ ವರದಿಯ ಅಂಕಿಗಳು ಯೋಚಿಸುವಂತಿವೆ. ದೇಶದ 7,933 ನಗರ, ಪಟ್ಟಣಗಳಲ್ಲಿ ಶೇ. 65ರಷ್ಟಕ್ಕೆ ಮಹಾಯೋಜನೆಯೇ ಇರಲಿಲ್ಲ. ರಾಜ್ಯಗಳ ಯೋಜನಾ ಇಲಾಖೆಗಳಿಗೆ 12,000ಕ್ಕೂ ಹೆಚ್ಚು ಯೋಜಕರು ಬೇಕು. ಮಂಜೂರಾದ ಹುದ್ದೆಗಳು 4,000ಕ್ಕಿಂತ ಕಡಿಮೆ, ಅದರಲ್ಲೂ ಅರ್ಧ ಖಾಲಿ!

ಇದರ ಬಿಸಿ ತಟ್ಟುವುದು ಸಾಮಾನ್ಯರಿಗೆ. ಹತ್ತು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಹೊರಟವರಿಗೆ ಕನ್ವರ್ಶನ್, ವಿನ್ಯಾಸ ನಕ್ಷೆ, ಸೆಟ್‌ಬ್ಯಾಕ್ ಎಂಬ ಶಬ್ದಗಳು ಅಲೆದಾಟದ ಹೆಸರುಗಳಾಗಿವೆ. ನಿಯಮ ಬೇಡವೆಂದಲ್ಲ. ಅದರ ಹಿಂದಿನ ಕಾರಣವನ್ನು ತಿಳಿದು, ಜನರಿಗೆ ತಿಳಿಸಬಲ್ಲವರು ಕಚೇರಿಗಳಲ್ಲಿ ಸಾಕಷ್ಟಿರಬೇಕು.

ಓದುವುದು ಹೇಗೆ?

ಪಿಯುಸಿಯಲ್ಲಿ ಗಣಿತ ಓದಿದವರು ನಾಲ್ಕು ವರ್ಷಗಳ ಬಿ.ಪ್ಲಾನ್ ಪದವಿಗೆ ಸೇರಬಹುದು. ದೆಹಲಿ, ಭೋಪಾಲ, ವಿಜಯವಾಡದ ಯೋಜನಾ ಶಾಲೆಗಳಿಗೆ ಜೆಇಇ ಮೈನ್‌ನ ಪ್ರತ್ಯೇಕ ಪತ್ರಿಕೆ ಬರೆಯಬೇಕು. ಗಣಿತದ ಜೊತೆ ಸಾಮಾನ್ಯ ಸಾಮರ್ಥ್ಯ, ಯೋಜನೆಗೆ ಸಂಬಂಧಿಸಿದ ಪ್ರಶ್ನೆಗಳಿರುತ್ತವೆ. ವಾಸ್ತುಶಿಲ್ಪದ ಪತ್ರಿಕೆಯಲ್ಲಿರುವಂತೆ ಚಿತ್ರ ಬಿಡಿಸುವ ಪರೀಕ್ಷೆ ಇದರಲ್ಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲೂ ಈ ವಿಷಯದ ಶಿಕ್ಷಣವಿದೆ. ಸಿವಿಲ್ ಇಂಜಿನಿಯರಿಂಗ್ ಅಥವಾ ವಾಸ್ತುಶಿಲ್ಪ ಓದಿದವರಿಗೆ ಸ್ನಾತಕೋತ್ತರ ಹಂತದಲ್ಲಿ ಬಾಗಿಲು ತೆರೆದಿದೆ.

ಹೆತ್ತವರಿಗೆ ಒಂದು ಮಾತು. ಖಾಲಿ ಹುದ್ದೆಗಳ ಲೆಕ್ಕ ನೋಡಿಯೇ ಮಗುವನ್ನು ಸೇರಿಸಬೇಡಿ. ಹುದ್ದೆ ಖಾಲಿ ಇದ್ದ ಮಾತ್ರಕ್ಕೆ ನೇಮಕಾತಿ ನಡೆಯುವುದಿಲ್ಲ. ಆದರೆ ಭೂಪಟ ಕಂಡರೆ ಹತ್ತಿರ ಹೋಗುವ, ಈ ತೋಡಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಮಗಳೋ ಮಗನೋ ನಿಮ್ಮ ಮನೆಯಲ್ಲಿದ್ದರೆ, ಮೆಡಿಕಲ್, ಇಂಜಿನಿಯರಿಂಗ್ ಜೊತೆ ಈ ಮೂರನೆಯ ಹೆಸರನ್ನೂ ಪಟ್ಟಿಗೆ ಸೇರಿಸಿ. ಬಿ.ಸಿ. ರೋಡಿನಿಂದ ಚಾರ್ಮಾಡಿಯವರೆಗೆ ಅಂಥವರಿಗೆ ಬೇಕಾದಷ್ಟು ಕೆಲಸ ಬಾಕಿ ಇದೆ.